ರೆಕ್ಕೆಗೆ ಎಷ್ಟು ಕೂಲಿ?

ಪುಣೆಯ ವಿಮಾನ ನಗರದಲ್ಲಿರುವ ಮಗಳ ಮನೆಯ ಬಾಲ್ಕನಿಯಲ್ಲಿ ಕೂತರೆ ಆಗಾಗ ಮಾತು ಅರ್ಧಕ್ಕೆ ನಿಲ್ಲಿಸಬೇಕಾಗುತ್ತದೆ. ಲೋಹಗಾಂವ್ ವಾಯುನೆಲೆಯಿಂದ ಸುಖೋಯ್ ಎದ್ದಿತೆಂದರೆ ಕಿಟಕಿಯ ಗಾಜು ಅದುರುತ್ತದೆ. ಮೊಮ್ಮಗ ಆಡುತ್ತಿದ್ದುದನ್ನು ಬಿಟ್ಟು ಓಡಿ ಬರುತ್ತಾನೆ. ಕಳೆದ ಜುಲೈನಲ್ಲಿ ಅವನಿಗೆ ಆರು ತುಂಬಿತು. ಬೇಕೆಂದು ಕೇಳಿದ್ದು ಒಂದೇ, ವಿಮಾನದ ಕೇಕ್. ಅದೂ ಜನ ಕೂರುವ ವಿಮಾನವಲ್ಲ, ಹಿಂದೆ ಎರಡು ಬಾಲ ನೆಟ್ಟಗೆ ನಿಂತಿರುವ ಸುಖೋಯ್.

ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿದ್ದ ಧಾರವಾಡದ ಹೆಣ್ಣುಮಗಳೊಬ್ಬರು ನಮ್ಮಿಂದ ಒಂದು ಕಿಲೋಮೀಟರ್ ಆಚೆ, ಸಾಕೋರೆ ನಗರದಲ್ಲಿ, ಮನೆಯಲ್ಲೇ ಕೇಕ್ ಮಾಡುತ್ತಾರೆ. ಮೊಟ್ಟೆ ಹಾಕದ ಚಾಕೊಲೇಟ್ ಕೇಕ್, ಎರಡೂವರೆ ಕೆ.ಜಿ., ಮನೆಗೆ ತಲುಪಿಸುವುದೂ ಸೇರಿ ₹5,500 ಎಂದರು. ಮಗಳು ಫೋನ್ ಇಟ್ಟವಳೇ, 'ಅಪ್ಪಾ, ಕೆ.ಜಿ.ಗೆ 2,200 ಆಯ್ತು! ಕೆಳಗಿನ ಅಂಗಡೀಲಿ 800ಕ್ಕೆ ಕೊಡ್ತಾರೆ' ಎಂದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಕೆ.ಜಿ.ಯಲ್ಲಿ ಅಳೆಯುವುದೇ ತಪ್ಪು ಎಂದು ನನಗೆ ಅನ್ನಿಸುತ್ತಿತ್ತು. ಇದನ್ನೇ ಆ ಧಾರವಾಡದವರ ಮುಂದೆ ಎತ್ತಿದಾಗ ಅವರೆಂದರು: 'ಕಾಕಾ, ತೂಕಕ್ಕ ಬೇಕಂದ್ರ ಸ್ಪಂಜಿಗಷ್ಟ ರೊಕ್ಕ ಹೇಳ್ತೇನ್ರಿ. ಈ ರೆಕ್ಕಿ ಒಣಗಾಕ ಎರಡು ದಿನಾ ಬೇಕು, ಅದನ್ನ ಯಾವ ತಕ್ಕಡ್ಯಾಗ ಇಡೂಣು?'

ಈ ಮಾತು ಕೇಳಿದ ಮೇಲೆ, ಮಾಡುವುದನ್ನು ನೋಡಲು ಬರಬಹುದೇ ಎಂದು ಅನುಮತಿ ಕೇಳಿ ಆ ವಾರ ಅವರ ಅಡುಗೆಮನೆಗೆ ಹೋಗಿ ಕೂತೆ.

ನಾವು ಚಿಕ್ಕವರಿದ್ದಾಗ ಹೇಳಿ ಮಾಡಿಸಿದ ಕೇಕ್ ಎಂದರೆ ಹೆಸರು ಬರೆಸಿದ ಕೇಕ್, ಅಷ್ಟೇ. ಅಯ್ಯಂಗಾರ್ ಬೇಕರಿಗಳ ಮೂಲ ನಮ್ಮ ಹಾಸನದ ಕಡೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ತೆರೆದ ತಿರುಮಲಾಚಾರ್ ಅವರೂ ಹಾಸನದ ಕಡೆಯವರೇ. ಅಂಥ ಬೇಕರಿಗಳಲ್ಲಿ ತಟ್ಟೆಯಿಂದ ಕೊಯ್ದುಕೊಡುತ್ತಿದ್ದ ಹನಿ ಕೇಕ್ ನಮ್ಮ ದಿನನಿತ್ಯದ ಹಬ್ಬ: ಪಾಕ ಕುಡಿದ ಸ್ಪಂಜು, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ಪುಡಿ. ಹುಟ್ಟುಹಬ್ಬಕ್ಕಾದರೆ ಗುಲಾಬಿ ಬಣ್ಣದ ಎರಡು ಹೂವಿಟ್ಟ ದುಂಡು ಕೇಕ್. ಕಾಗದದ ಕೋನ್ ಹಿಡಿದು ಹುಡುಗ ಒಂದೇ ಉಸಿರಿಗೆ ಹೆಸರು ಬರೆದುಕೊಡುತ್ತಿದ್ದ, ಅದಕ್ಕೆ ಬೇರೆ ಕಾಸಿಲ್ಲ. ತೂಗಿ ಬೆಲೆ ಕಟ್ಟುವುದು ಆ ಕೇಕಿಗೆ ನ್ಯಾಯವಾಗಿಯೇ ಇತ್ತು. ಒಂದು ಕೇಕಿಗೂ ಇನ್ನೊಂದಕ್ಕೂ ಕೈಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ. ಅದೇ ರೂಢಿ ಈ ಸುಖೋಯ್‌ಗೆ ಒಪ್ಪುವುದಿಲ್ಲ.

ಸೋಮವಾರ ಸಂಜೆ ರೆಕ್ಕೆ ಶುರು. ಸಕ್ಕರೆ, ಗ್ಲೂಕೋಸು, ಗೋಂದು, ಗ್ಲಿಸರಿನ್ ಸೇರಿಸಿ ನಾದಿದ ಫಾಂಡಂಟ್ ಚಪಾತಿ ಹಿಟ್ಟಿನಷ್ಟು ಮೆತ್ತಗಿರುತ್ತದೆ, ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಗಟ್ಟಿಯಾಗಲೆಂದು ಅದಕ್ಕೆ ಒಂದು ಚಮಚ ಟೈಲೋಸ್ ಪುಡಿ ಹಾಕಿ ಮತ್ತೆ ನಾದಿದರು. ಲಟ್ಟಿಸಿ, ರಟ್ಟಿನ ಅಚ್ಚು ಇಟ್ಟು, ಸಣ್ಣ ಚಾಕುವಿನಿಂದ ಕತ್ತರಿಸಿದರು. ಎರಡು ರೆಕ್ಕೆ, ಎರಡು ಬಾಲ, ಮುರಿದರೆ ಇರಲಿ ಎಂದು ಇನ್ನೊಂದು ಜೊತೆ. ಸ್ಪಂಜಿನ ಹಾಳೆಯ ಮೇಲೆ ಮಲಗಿಸಿ, ಕೆಲವು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಅಂಚು ಹಪ್ಪಳದ ಹಾಗೆ ಮೇಲಕ್ಕೆ ಸುರುಳುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿಗೆ ಒಣಗುವ ತುಂಡಿಗೆ ಮಳೆಗಾಲದಲ್ಲಿ ಎರಡು ದಿನ ಬೇಕು. ಸಕ್ಕರೆ ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಹೊರಗೆ ಮಳೆ ಹೊಯ್ಯುತ್ತಿದ್ದ ಆ ಎರಡು ರಾತ್ರಿ ಮಲಗುವ ಕೋಣೆಯ ಎ.ಸಿ. ಓಡಿದ್ದು ರೆಕ್ಕೆಗಳಿಗಾಗಿ. ಮನೆಯವರು ಹಾಲ್‌ನಲ್ಲಿ ಮಲಗಿದರು.

ಬುಧವಾರ ಬೇಯಿಸಿದ್ದು ಮೂರು ಕೆ.ಜಿ.ಗೆ ಹತ್ತಿರ. ವಿಮಾನದ ಮೈಯನ್ನು ಕೆತ್ತಬೇಕಾದ್ದರಿಂದ ಹಗುರ ಸ್ಪಂಜು ನಡೆಯುವುದಿಲ್ಲ. ಮೊಸರು ಹಾಕಿದ, ಗಟ್ಟಿ ಎಳೆಯ ಕೇಕೇ ಬೇಕು. ಮೂತಿ ಚೂಪು ಮಾಡುವಾಗ, ಬೆನ್ನು ಇಳಿಜಾರು ಮಾಡುವಾಗ ಒಂದು ಡಬ್ಬಿ ತುಂಬ ಚೂರು ಉಳಿಯಿತು. ಅದೂ ಬೆಣ್ಣೆ, ಕೋಕೋ ಹಾಕಿದ ಕೇಕೇ ತಾನೆ? ಆ ಡಬ್ಬಿ ವಾಚ್‌ಮನ್‌ನ ಮಕ್ಕಳಿಗೆ ಹೋಯಿತು, ಲೆಕ್ಕಕ್ಕೆ ಬರಲಿಲ್ಲ.

ಗುರುವಾರ ಗನಾಶ್. ಎರಡು ಪಾಲು ಕಪ್ಪು ಚಾಕೊಲೇಟಿಗೆ ಒಂದು ಪಾಲು ಕ್ರೀಮು. 800 ರೂಪಾಯಿಯ ಕೇಕ್ ಎಲ್ಲಿ ಬೇರೆಯಾಗುತ್ತದೆ ಎನ್ನುವುದಕ್ಕೆ ಉತ್ತರ ಇಲ್ಲಿದೆ. ನಮ್ಮ ಬೇಕರಿಗಳ ಬಿಳಿ ಕ್ರೀಮು ಬಹುಪಾಲು ಹಾಲಿನದಲ್ಲ. ಅಮೆರಿಕದ ರಾಬರ್ಟ್ ರಿಚ್ 1945ರಲ್ಲಿ ಸೋಯಾದಿಂದ ಮಾಡಿದ ನೊರೆಯ ವಂಶದ್ದು, ಸಸ್ಯಜನ್ಯ ಕೊಬ್ಬಿನದು. ಅಗ್ಗ, ಹಗುರ, ಕೈಗೆ ಬಗ್ಗುವಂಥದ್ದು. ಆದರೆ ಅದರ ಮೇಲೆ ಫಾಂಡಂಟ್ ಹೊದಿಸಿದರೆ ಒಳಗಿನ ನೀರಿಗೆ ಸಕ್ಕರೆ ಕರಗಿ ಹೊದಿಕೆ ಜಾರುತ್ತದೆ. ಗನಾಶ್ ಅಥವಾ ಬೆಣ್ಣೆಯ ಗಾರೆಯೇ ಬೇಕು. ಚಾಕೊಲೇಟಿನಲ್ಲೂ ಎರಡು ಜಾತಿ. ಕಾಂಪೌಂಡ್‌ನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬಿರುತ್ತದೆ, ಅದು ಅಂಗುಳಿಗೆ ಮೇಣದ ಹಾಗೆ ಅಂಟುತ್ತದೆ. ಕೂವೆರ್ಚರ್‌ನಲ್ಲಿ ಕೋಕೋ ಬೆಣ್ಣೆಯೇ ಇರುತ್ತದೆ, ನಾಲಿಗೆಯ ಬಿಸಿಗೇ ಕರಗುತ್ತದೆ. 2024ರ ಡಿಸೆಂಬರ್‌ನಲ್ಲಿ ಕೋಕೋ ಬೆಲೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತ್ತು. ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆದು, 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿರುವ ಕ್ಯಾಂಪ್ಕೋಗೆ ಕೊಡುವ ನಮ್ಮ ದಕ್ಷಿಣ ಕನ್ನಡದ ಬೆಳೆಗಾರರಿಗೆ ಆ ಏರಿಕೆ ಸಂತೋಷದ್ದು. ಒಬ್ಬರೇ ಕೂತು ಕೇಕ್ ಮಾಡುವವರಿಗೆ ಅದರ ಬಿಸಿ ತಟ್ಟಿತು.

ಶುಕ್ರವಾರ ಬಣ್ಣ ಮತ್ತು ಜೋಡಣೆ. ಮೈಗೆಲ್ಲ ಬೂದು. ರೆಕ್ಕೆಯ ಮೇಲಿನ ಕೇಸರಿ, ಬಿಳಿ, ಹಸಿರು ವೃತ್ತವನ್ನು ಕ್ರೀಮ್ ನಳಿಕೆಗಳ ದೊಡ್ಡ ಬಾಯಿ, ಸಣ್ಣ ಬಾಯಿಗಳಿಂದ ಒತ್ತಿ ತೆಗೆದರು. ಹಸಿರಿನ ಬಿಲ್ಲೆ ಬೆರಳಿಗಂಟಿ ಎರಡು ಸಲ ಹಾಳಾಯಿತು. ಮೂರನೆಯದನ್ನು ಕುಂಚದ ತುದಿಯಿಂದ ಎತ್ತಿ ಕೂರಿಸಿದಾಗ ಅವರು ಉಸಿರು ಹಿಡಿದಿದ್ದರು, ನಾನೂ ಹಿಡಿದಿದ್ದೆ.

ಈಗ ಹಣದ ಮಾತು. ಅವರೇ ಚೀಟಿಯಲ್ಲಿ ಬರೆದು ತೋರಿಸಿದರು. ಸಾಮಗ್ರಿ ₹1,900. ಹಲಗೆ, ಎತ್ತರದ ಪೆಟ್ಟಿಗೆ ₹250. ಕಾರಿನ ಬಾಡಿಗೆ ₹250. ಉಳಿದದ್ದು ₹3,100. ಅವರು ಕೂತ ಹೊತ್ತು ಹನ್ನೊಂದು ಗಂಟೆ. ಗಂಟೆಗೆ ₹280ರ ಆಸುಪಾಸು, ಅದರಲ್ಲೇ ಎ.ಸಿ.ಯ ಕರೆಂಟೂ, ಓವನ್ನಿನದೂ. ಆ ವಾರ ಅವರು ಇನ್ನೆರಡು ಆರ್ಡರ್ ಬಿಟ್ಟಿದ್ದರು, ಏಕೆಂದರೆ ಮೇಜು ಒಂದೇ. 2025ರ ಸೆಪ್ಟೆಂಬರ್ 22ರಿಂದ ಕೇಕಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ ನಿಜ. ಆದರೆ ನೋಂದಣಿಯ ಮಿತಿಯೊಳಗಿರುವ ಇಂಥ ಮನೆಯ ಕೇಕಿನವರು ಮೊದಲೂ ಬಿಲ್ಲಿನಲ್ಲಿ ತೆರಿಗೆ ಹಾಕುತ್ತಿರಲಿಲ್ಲ. ಚಾಕೊಲೇಟು, ಬೆಣ್ಣೆಯ ಮೇಲಿನ ತೆರಿಗೆ ಇಳಿದಷ್ಟೇ ಅವರಿಗೆ ದಕ್ಕಿದ್ದು. ದರದ ದೊಡ್ಡ ಪಾಲು ಬೆರಳಿನದು, ಅದಕ್ಕೆ ಯಾವ ಸ್ಲ್ಯಾಬೂ ಇಲ್ಲ.

ಈ ಬೆರಳಿನ ಕೆಲಸ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದೇ ಪುಣೆಯ ಪ್ರಾಚಿ ಧಬಲ್ ದೇಬ್ ಇದ್ದಾರೆ. ಬ್ರಿಟನ್ನಿನ ಅರಮನೆಗೆ ಕೇಕ್ ಮಾಡಿಕೊಟ್ಟ ಎಡ್ಡಿ ಸ್ಪೆನ್ಸ್ ಅವರ ಬಳಿ ರಾಯಲ್ ಐಸಿಂಗ್ ಕಲಿತವರು. ಮೊಟ್ಟೆಯ ಬಿಳಿಯಿಂದ ಮಾಡುವ ಆ ಐಸಿಂಗನ್ನು ಮೊಟ್ಟೆಯಿಲ್ಲದೆ ಸಾಧಿಸಿ, ಮಿಲಾನಿನ ಚರ್ಚನ್ನು 100 ಕೆ.ಜಿ.ಯ ಸಕ್ಕರೆ ಶಿಲ್ಪವಾಗಿ ನಿಲ್ಲಿಸಿದರು. ಬೆಂಗಳೂರಿನಲ್ಲಿ ಅರ್ಧ ಶತಮಾನದಿಂದ ನಡೆಯುತ್ತಿರುವ ಡಿಸೆಂಬರಿನ ಕೇಕ್ ಪ್ರದರ್ಶನಕ್ಕೆ ಹೋದವರಿಗೂ ಈ ಕೈಕೆಲಸದ ಎತ್ತರ ಗೊತ್ತು. ಅಲ್ಲಿ ಯಾರೂ ಕೆ.ಜಿ.ಗೆ ಎಷ್ಟು ಎಂದು ಕೇಳುವುದಿಲ್ಲ, ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತಾರೆ.

ಹಾಗೆಂದು ಕೇಳಿದಷ್ಟು ಕೊಡಿ ಎನ್ನುವವನು ನಾನಲ್ಲ. ಹಿಂದೊಮ್ಮೆ ಒಂದು ಅಂಗಡಿಯಲ್ಲಿ ಚಿತ್ರ ತೋರಿಸಿ ಕೆಂಪು ಕಾರಿನ ಕೇಕ್ ಮಾಡಿಸಿದ್ದೆವು. ದುಡ್ಡು ಕಡಿಮೆಯೇನಲ್ಲ. ಒಳಗೆ ಒಣ ಸ್ಪಂಜು, ಮಕ್ಕಳ ನಾಲಿಗೆ ಮರುದಿನವೂ ಕೆಂಪು. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅಪಾಯಕಾರಿ ಎನ್ನುವಷ್ಟಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರುಗಳು ಮುಂದಿದ್ದವು. ಅಂದಿನಿಂದ ಆರ್ಡರ್ ಕೊಡುವಾಗ ನಾನು ಮೂರು ಮಾತು ಕೇಳುತ್ತೇನೆ. ಬಣ್ಣ ಯಾವುದು, ಚಾಕೊಲೇಟ್ ಕಾಂಪೌಂಡೋ ಅಲ್ಲವೋ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇದೆಯೇ. ನೆಟ್ಟಗೆ ಉತ್ತರ ಕೊಡುವವರ ಹತ್ತಿರ ನಾನು ಚೌಕಾಸಿ ಮಾಡುವುದಿಲ್ಲ.

ಉಳಿಸಬೇಕೆಂದರೆ ದಾರಿ ಬೇರೆಯಿದೆ. ಹೊದಿಕೆಯ ಫಾಂಡಂಟನ್ನು ಹೆಚ್ಚಿನವರು ಸುಲಿದು ತಟ್ಟೆಯ ಅಂಚಿಗಿಡುತ್ತಾರೆ. ಅದಕ್ಕೇಕೆ ದುಡ್ಡು? ನಾವು ಮೈಗೆ ಬೆಣ್ಣೆ ಕ್ರೀಮು ಸಾಕು, ರೆಕ್ಕೆ, ಬಾಲ, ವೃತ್ತಗಳಷ್ಟೇ ಫಾಂಡಂಟ್ ಇರಲಿ ಎಂದೆವು. ಮೊದಲು ಹೇಳಿದ ದರ ₹6,500 ಇದ್ದದ್ದು ₹5,500ಕ್ಕೆ ಇಳಿದದ್ದು ಹಾಗೆ. ನಲವತ್ತು ಜನರಿಗೆ ನಾಲ್ಕು ಕೆ.ಜಿ. ವಿಮಾನ ಮಾಡಿಸುವ ಬದಲು, ಕೊಯ್ಯಲು ಚಿಕ್ಕ ವಿಮಾನ, ಹಂಚಲು ಅದೇ ಹಿಟ್ಟಿನ ಅಲಂಕಾರವಿಲ್ಲದ ತಟ್ಟೆ ಕೇಕ್ ಮಾಡಿಸಬಹುದು. ಬರೀ ರುಚಿ ಸಾಕು, ರೂಪ ಬೇಡ ಎನ್ನುವ ದಿನ ನಾನೇ ಪುಣೆಯ ಕ್ಯಾಂಪ್ ಬಡಾವಣೆಗೆ ಹೋಗಿ, 1955ರಿಂದ ಇರುವ ಕಯಾನಿ ಬೇಕರಿಯ ಸಾಲಿನಲ್ಲಿ ನಿಂತು ಮಾವಾ ಕೇಕ್ ತರುತ್ತೇನೆ.

ಶನಿವಾರ ಸಂಜೆ ಕೇಕ್ ಬಂತು. ಒಂದು ಕಿಲೋಮೀಟರಿಗೆ ಇಪ್ಪತ್ತು ನಿಮಿಷ. ಪ್ರತಿ ಸ್ಪೀಡ್ ಬ್ರೇಕರಿನಲ್ಲೂ ಕಾರು ತೆವಳಿತ್ತಂತೆ, ಪೆಟ್ಟಿಗೆಯನ್ನು ತೊಡೆಯ ಮೇಲಲ್ಲ, ಕಾರಿನ ನೆಲದ ಮೇಲೆ ಇಟ್ಟು ಅವರೇ ಹಿಡಿದು ಕೂತಿದ್ದರು. ಮೊಮ್ಮಗ ಮೊದಲು ಚಾಕು ಮುಟ್ಟಲಿಲ್ಲ. ಬಾಗಿ, ಬಾಲ ಎರಡಿವೆಯೇ ಎಂದು ಎಣಿಸಿದ. ಆಮೇಲೆ ಮೂತಿಯಿಂದ ಕೊಯ್ದೆವು. ಕೂವೆರ್ಚರ್‌ನ ಗನಾಶ್ ಮಳೆಯ ಸಂಜೆಯಲ್ಲೂ ಹದವಾಗಿ ಕರಗುತ್ತಿತ್ತು, ತಟ್ಟೆಗಳು ಖಾಲಿಯಾಗಿ ಬಂದವು.

ಬಾಲ ಎರಡನ್ನೂ ಅವನು ಯಾರಿಗೂ ಕೊಡಲಿಲ್ಲ. 'ಫ್ರಿಜ್ಜಿನ್ಯಾಗ ಇಡಬ್ಯಾಡ್ರಿ ಕಾಕಾ, ಬೆವರ್ತಾವ' ಎಂದು ಧಾರವಾಡದವರು ಹೇಳಿದ್ದರಿಂದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇವೆ. ಸುಖೋಯ್ ಹಾರಿದ ದಿನ ಡಬ್ಬಿ ಕೆಳಗಿಳಿಯುತ್ತದೆ.