ಠಗನ ಸ್ವಭಾವ: ಮೆಡೋಸ್ ಟೇಲರನ ಕಾದಂಬರಿಯ ಪರಿಶೀಲನೆ

ಅಪರಾಧಕ್ಕೆ ಅಪರಾಧಿಯ ಸ್ವಭಾವವು ಕಾರಣವೋ, ಅವನು ಬೆಳೆದ ಪರಿಸರವು ಕಾರಣವೋ ಎಂಬುದು ಹಳೆಯ ಚರ್ಚೆ. ಇದನ್ನು ಕಥನರೂಪದಲ್ಲಿ ಎದುರಿಸಿದ ಕೃತಿಗಳಲ್ಲಿ ಫಿಲಿಪ್ ಮೆಡೋಸ್ ಟೇಲರನ 'ಕನ್ಫೆಷನ್ಸ್ ಆಫ್ ಎ ಠಗ್' (1839) ಗಮನಾರ್ಹವಾದುದು. ಕನ್ನಡಿಗರು ಟೇಲರನನ್ನು 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಅಧಿಕಾರಿಯೆಂದು ಬಲ್ಲರು. ನಾಗಪುರಕ್ಕೂ ಈ ವಸ್ತು ದೂರದ್ದಲ್ಲ. ನಾಗಪುರ-ಜಬ್ಬಲಪುರದ ಹಾದಿಯು ಠಗರು ಯಾತ್ರಿಕರ ಕೊರಳು ಬಿಗಿದ ದಾರಿಗಳಲ್ಲೊಂದು. ಸ್ಲೀಮನ್ನನು ಠಗರ ವಿಚಾರಣೆ ನಡೆಸಿದ ಸಾಗರ್ ಮತ್ತು ಜಬ್ಬಲಪುರಗಳು 1861ರಲ್ಲಿ ನಾಗಪುರವನ್ನು ರಾಜಧಾನಿಯಾಗಿ ಪಡೆದ ಮಧ್ಯಪ್ರಾಂತಕ್ಕೆ ಸೇರಿದವು.

ಕಾದಂಬರಿಯ ನಾಯಕ ಅಮೀರ್ ಅಲಿ 719 ಕೊಲೆಗಳನ್ನು ಒಪ್ಪಿಕೊಳ್ಳುತ್ತಾನೆ. ಸೆರೆಯಾಗದಿದ್ದರೆ ಸಾವಿರ ತುಂಬಿಸುತ್ತಿದ್ದೆನೆಂದು ಹೆಮ್ಮೆಪಡುತ್ತಾನೆ. ಇವನನ್ನು ಕಲ್ಲೆದೆಯವನೆಂದು ಕರೆದು ಮುಗಿಸುವುದು ಸುಲಭ. ಆದರೆ ಕೃತಿಯು ಅದಕ್ಕೆ ಎಡೆಗೊಡುವುದಿಲ್ಲ. ಅವನು ಹೆಂಡತಿ ಅಜೀಮಾಳನ್ನು ಪ್ರೀತಿಸುತ್ತಾನೆ, ತನ್ನ ವೃತ್ತಿಯನ್ನು ಅವಳಿಂದ ಮುಚ್ಚಿಡುತ್ತಾನೆ, ಸಾಕುತಂದೆ ಇಸ್ಮಾಯಿಲನಿಗೆ ನಿಷ್ಠನಾಗಿರುತ್ತಾನೆ. ಅವನಲ್ಲಿ ಕರುಣೆ ಇಲ್ಲವೆಂದಲ್ಲ. ಅದು ತನ್ನವರ ಗಡಿಯನ್ನು ದಾಟುವುದಿಲ್ಲ. ಹಾದಿಹೋಕನು ಆ ಗಡಿಯ ಹೊರಗಿನವನು.

ಅದೇ ತಂಡದಲ್ಲಿ ಗಣೇಶ ಜಮಾದಾರನೂ ಇದ್ದಾನೆ. ಅವನು ಕ್ರೂರಿ, ಅಮೀರ್ ಅಲಿಯಾದರೋ ಸಾಹಸಪ್ರಿಯ, ಕೀರ್ತಿಕಾಮಿ. ಇಬ್ಬರ ಕೈಯಲ್ಲಿರುವುದೂ ಒಂದೇ ರುಮಾಲು. ಆದುದರಿಂದ ಸ್ವಭಾವವು ಇಲ್ಲಿ ವಿವರಿಸುವುದು ಒಬ್ಬ ಠಗನಿಗೂ ಇನ್ನೊಬ್ಬನಿಗೂ ಇರುವ ಅಂತರವನ್ನು. ಅವರಿಬ್ಬರೂ ಠಗರಾದುದೇಕೆ ಎಂಬುದನ್ನಲ್ಲ. ಅದಕ್ಕೆ ಕಾದಂಬರಿಯು ಕೊಡುವ ಉತ್ತರ ಬೇರೆ. ಅಮೀರ್ ಅಲಿಯ ಹೆತ್ತವರನ್ನು ಕೊಂದ ತಂಡದ ಇಸ್ಮಾಯಿಲನೇ ಎಳೆಯ ಬಾಲಕನನ್ನು ಮಗನಂತೆ ಸಾಕಿದನು.

ಮನೋವಿಜ್ಞಾನಿ ಐಸೆಂಕ್ 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಂತಃಸಾಕ್ಷಿಯು ಬಾಲ್ಯದ ಶಿಕ್ಷೆ-ಶಿಕ್ಷಣಗಳಿಂದ ಅಭ್ಯಾಸವಾಗುವಂಥದು. ಬಹಿರ್ಮುಖ ಸ್ವಭಾವದವರಲ್ಲಿ ಈ ಅಭ್ಯಾಸ ನಿಧಾನವಾದುದರಿಂದ ಅವರು ಅಪರಾಧದತ್ತ ವಾಲಬಹುದು ಎಂದು ವಾದಿಸಿದನು. ಈ ವಾದವನ್ನು ಇಸ್ಮಾಯಿಲನ ಮನೆಗೆ ಅನ್ವಯಿಸಿದರೆ ಅದು ತಲೆಕೆಳಗಾಗುತ್ತದೆ. ಅಲ್ಲಿ ಕಲಿಸಿದ ನೀತಿಯೇ ಠಗರ ನೀತಿ. ಬೇಗ ಕಲಿಯುವ ಮಗುವೇ ಅಲ್ಲಿ ಒಳ್ಳೆಯ ಠಗನಾಗುತ್ತದೆ. ಕಲಿಯದ ಮೊಂಡನು ಬಹುಶಃ ಪಾರಾಗುತ್ತಾನೆ. ಆತುರ, ಸಂಯಮದ ಕೊರತೆ, ಪರರ ನೋವಿಗೆ ಮಿಡಿಯದಿರುವುದು ಇವುಗಳಿಗೂ ಅಪರಾಧಕ್ಕೂ ಸಂಬಂಧವಿದೆಯೆಂಬುದನ್ನು ನಂತರದ ಸಂಶೋಧನೆಗಳು ದೃಢಪಡಿಸಿವೆ. ಆದರೆ ಆ ಸಂಬಂಧವು ಸಂಭಾವ್ಯತೆಯದು, ವಿಧಿಲಿಖಿತವಲ್ಲ.

ಕಾದಂಬರಿಯ ಒಂದು ದೌರ್ಬಲ್ಯವನ್ನೂ ಹೇಳಬೇಕು. ಅಮೀರ್ ಅಲಿ ಮಾಫಿಸಾಕ್ಷಿ. ಅವನ ಪ್ರಾಣವು ಅವನ ಮಾತಿನ ಮೇಲೆ ನಿಂತಿದೆ. ಎದುರಿನಲ್ಲಿ ಕುಳಿತ ಸಾಹೇಬನು ಬಯಸಿದ್ದು ಭೀಕರವಾದ ಕಥೆಯನ್ನೇ. ಇಂಥ ಹೇಳಿಕೆಯಲ್ಲಿ ಕಾಣುವ ಹೆಮ್ಮೆಯು ಎಷ್ಟರಮಟ್ಟಿಗೆ ಹೇಳುವವನದು, ಎಷ್ಟರಮಟ್ಟಿಗೆ ಕೇಳುವವನದು ಎಂದು ಟೇಲರನು ಶಂಕಿಸುವುದೇ ಇಲ್ಲ.

ಸ್ವಭಾವವನ್ನು ದೇಹದಲ್ಲೇ ಹುಡುಕಿದವರೂ ಆ ಕಾಲದಲ್ಲಿದ್ದರು. 1830ರ ದಶಕದಲ್ಲಿ ಸಾಗರ್‌ನಿಂದ ಏಳು ಠಗರ ತಲೆಬುರುಡೆಗಳು ಎಡಿನ್‌ಬರೋದ ಕಪಾಲಶಾಸ್ತ್ರಜ್ಞರನ್ನು ಸೇರಿದವು. ಆ ಶಾಸ್ತ್ರವೇ ಹುಸಿ; ಆದರೂ ಹಿಂಸಾಪ್ರವೃತ್ತಿಯ ಉಬ್ಬು ಬುರುಡೆಗಳಲ್ಲಿ ಎದ್ದು ಕಾಣದಿದ್ದಾಗ, ಅವರೂ ಬೆಳೆದ ಪರಿಸರದ ಮೊರೆಹೊಕ್ಕರು.

ಸರ್ಕಾರವು ಅಷ್ಟೂ ಸಂಶಯಪಡಲಿಲ್ಲ. ಠಗರ ತಂಡಕ್ಕೆ ಸೇರಿದ್ದರೆ ಸಾಕು, ಆಜೀವ ಸೆರೆ ಎಂದು 1836ರ ಕಾಯಿದೆ ವಿಧಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇನ್ನೂ ಮುಂದೆ ಹೋಗಿ ಹುಟ್ಟನ್ನೇ ಗುರುತಾಗಿಸಿತು. ಆ ಹೆಸರಿನ ಕಾನೂನುಗಳ ಕೆಳಗೆ, ಹೆಸರಿನಲ್ಲೇ ಕಳ್ಳತನ ಹೊತ್ತ ಗಂಟಿಚೋರರಂಥ ಜನ ಪೋಲೀಸರ ಪಟ್ಟಿಗೆ ಸೇರಿದರು. ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. 1952ರಲ್ಲಿ ಕಾಯಿದೆ ರದ್ದಾಯಿತು. ಆದರೂ ಸೆರೆಮನೆಯ ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಭೇದವನ್ನು ಸರ್ವೋಚ್ಚ ನ್ಯಾಯಾಲಯವು ಅಸಾಂವಿಧಾನಿಕವೆಂದು ಸಾರಿದ್ದು 2024ರ ಅಕ್ಟೋಬರ್ 3ರಂದು.

ಸ್ವಭಾವದ ವಿಚಾರವು ಒಬ್ಬ ವ್ಯಕ್ತಿಯನ್ನು ಅರಿಯಲು ನೆರವಾಗಬಲ್ಲದು. ಅದನ್ನು ಒಂದು ಕುಲದ ಮೇಲೆ ಹೇರಿದೊಡನೆ ಅದು ವಿವರಣೆಯಾಗಿ ಉಳಿಯದೆ ತೀರ್ಪಾಗುತ್ತದೆ. ಟೇಲರನು ತಿಳಿದೋ ತಿಳಿಯದೆಯೋ ಇದಕ್ಕೆ ಸಾಕ್ಷ್ಯ ಒದಗಿಸಿದ್ದಾನೆ: ಅವನ ಠಗನು ಠಗನಾಗಿ ಹುಟ್ಟಿದವನಲ್ಲ.