ಈರಮ್ಮನನ್ನು ಕವಿ ಎನ್ನಲು ಬಾಯಿ ಯಾಕೆ ಬರುವುದಿಲ್ಲ?

ದರೋಜಿ ಈರಮ್ಮನ ಮಾತು ಎಲ್ಲಿ ಬಂದರೂ ಒಂದೇ ಪಲ್ಲವಿ. 'ಅನಕ್ಷರಸ್ಥೆ, ಆದರೂ ಹನ್ನೆರಡು ಮಹಾಕಾವ್ಯ ಬಾಯಿಪಾಠ, ಅಚ್ಚು ಹಾಕಿದರೆ 7000 ಪುಟ.' ಹೇಳುವವರು ಹೊಗಳುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಹಲವಾಗಲಿನ ಹೊಳೆದಂಡೆಯಲ್ಲಿ ಕುಂತು ಕೇಳುವ ನಮಗೆ ಮಾತ್ರ ಆ 'ಆದರೂ' ಅನ್ನೋದು ಅನ್ನದಾಗಿನ ಹಳ್ಳಿನಂಗೆ ಹಲ್ಲಿಗೆ ಕಡಿಯುತ್ತದೆ. ಏನು ಹಂಗಂದರೆ? ಹೆಬ್ಬಟ್ಟು ಒತ್ತುವ ಕೈಗೆ ಕಾವ್ಯ ಬರಬಾರದಿತ್ತು, ಹೆಂಗೋ ತಪ್ಪಿ ಬಂದುಬಿಟ್ಟಿದೆ ಅಂತಲೇ?

1930ರ ಸುಮಾರಿಗೆ ಹುಟ್ಟಿ 2014ರ ಆಗಸ್ಟ್ 12ರಂದು ತೀರಿಕೊಂಡ ಈರಮ್ಮ ಬುಡ್ಗ ಜಂಗಮರ ಮಗಳು. ಊರಿಂದ ಊರಿಗೆ ತಿರುಗಿ, ಕಥೆ ಹೇಳಿ, ಕಾಳು ಕೇಳಿ ಬದುಕಿದ ಪರಿಶಿಷ್ಟ ಜಾತಿಯ ಅಲೆಮಾರಿಗಳು ಇವರು. (ಹೆಸರಿನಲ್ಲಿ ಜಂಗಮ ಇದ್ದರೂ ಇವರ ಪಾದ ಯಾರೂ ತೊಳೆದವರಲ್ಲ. ಪಾದ ತೊಳೆಸಿಕೊಂಡವರು ಈಗ ಇದೇ ಪಟ್ಟಿಯ ಸರ್ಟಿಫಿಕೇಟಿಗೆ ಸಾಲು ನಿಂತಿರುವುದು ಬೇರೆ ಕಥೆ.) ಅಪ್ಪನಿಂದ ಕಲಿತ ಕಥೆಗಳನ್ನು ಮನೆಯ ಹೆಣ್ಣುಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಈಕೆ ಹಾಡಿದರು. ಸಂಡೂರು ತಾಲೂಕಿನ ದರೋಜಿ ಅಂದರೆ ಟೂರಿಸ್ಟರಿಗೆ ಕರಡಿಧಾಮ. ನಮಗೆ ಈರಮ್ಮ. ನಮ್ಮ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಸರ್ಕಾರದ ಗೆರೆ ಎತ್ತ ಎಳೆದರೂ ಬುರ್ರಕಥೆಯವರ ಸೀಮೆ ಒಂದೇ.

ಬಾಯಿಪಾಠ ಅನ್ನುವ ಮಾತೇ ಸುಳ್ಳು. ಸಾಲೆಯಲ್ಲಿ ನಾವು ಮಗ್ಗಿ ಒಪ್ಪಿಸಿದಂಗೆ ಈರಮ್ಮ ಕಾವ್ಯ ಒಪ್ಪಿಸಲಿಲ್ಲ. ಬುರ್ರಕಥೆಯಲ್ಲಿ ಕಥೆಯ ಎಲುಬು ಮಾತ್ರ ಹಳೆಯದು. ಮೈ ತುಂಬುವುದು ಆ ರಾತ್ರಿ, ಆ ಜನರ ಎದುರು. ಯುದ್ಧದ ವರ್ಣನೆ, ಕುದುರೆ ಹತ್ತುವ ಪರಿ, ತಾಯಿ ಅಳುವ ಪರಿ ಇವೆಲ್ಲ ಹಾಡುಗಾರ್ತಿಯ ಕೈಯಲ್ಲಿ ಸಿದ್ಧ ಇಟ್ಟಿಗೆಗಳು. ಜೊತೆಯವರು ಸೊಲ್ಲು ಎತ್ತಿ ಹಿಡಿಯುವ ಆ ಎರಡು ಗಳಿಗೆಯಲ್ಲಿ ಮುಂದಿನ ಇಟ್ಟಿಗೆ ಯಾವುದು ಅಂತ ಆಕೆ ತೀರ್ಮಾನ ಮಾಡಬೇಕು. ಕೇಳುವವರು ತೂಕಡಿಸಿದರೆ ಕಥೆ ಮೊಟಕು. ಕಣ್ಣು ಬಿಟ್ಟು ಕುಂತರೆ ಬೆಳಗಾಗುವತನಕ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯಾದ ಓದುಬರಹವಿಲ್ಲದ ಹಾಡುಗಾರರನ್ನು ಕೇಳಿ, ಅವರು ನೆನಪಿನಿಂದ ಒಪ್ಪಿಸುವುದಿಲ್ಲ, ಹಾಡುತ್ತ ಹಾಡುತ್ತ ಕಟ್ಟುತ್ತಾರೆ ಎಂದು ತೋರಿಸಿಕೊಟ್ಟ. ಹೋಮರನಿಗೆ ಸಂದ ಈ ನ್ಯಾಯ ದರೋಜಿಯ ಹೆಂಗಸಿಗೆ ಯಾಕೆ ಸಲ್ಲಬಾರದು?

ರಷ್ಯಾದ ವ್ಲಾದಿಮಿರ್ ವಿಸೋಟ್ಸ್ಕಿಯನ್ನು ನೋಡಿ. ತಾನೇ ಹಾಡು ಬರೆದು ಗಿಟಾರ್ ಹಿಡಿದು ಹಾಡಿದವನು. ಜನ ಟೇಪಿನಿಂದ ಟೇಪಿಗೆ ಇಳಿಸಿಕೊಂಡು ದೇಶದ ತುಂಬ ಕೇಳಿದರು. 1980ರಲ್ಲಿ ಸಾಯುವತನಕ ಆತನ ಕವಿತೆಯ ಒಂದು ಪುಸ್ತಕವೂ ಆ ದೇಶದಲ್ಲಿ ಬರಲಿಲ್ಲ. ಲೇಖಕರ ಸಂಘ ಆತನನ್ನು ಸೇರಿಸಿಕೊಳ್ಳಲಿಲ್ಲ. ಕಾಗದದ ಮೇಲಿನ ಕವಿಗಳಿಗೆ ಗಂಟಲಿನ ಕವಿಯನ್ನು ಕಂಡರೆ ಎಲ್ಲ ಕಡೆ ಹಿಂಗೇ. ಆದರೆ ಆತನಿಗೆ ಅಕ್ಷರ ಗೊತ್ತಿತ್ತು, ಮಾಸ್ಕೋದ ರಂಗಭೂಮಿ ಇತ್ತು. ಸತ್ತ ಮೇಲೆ ಪುಸ್ತಕ ಬಂತು, ಕವಿ ಎಂಬ ಹೆಸರೂ ಬಂತು. ಈರಮ್ಮನಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಬಂದವು. ಆ ವಿಶ್ವವಿದ್ಯಾಲಯ ಆಕೆಯ ಕಾವ್ಯಗಳನ್ನು ಬರೆಸಿ ಅಚ್ಚು ಹಾಕಿತು. ಹಾಕದಿದ್ದರೆ ಮಣ್ಣಾಗುತ್ತಿದ್ದವು, ಒಪ್ಪುತ್ತೇವೆ. ಇಷ್ಟಾಗಿಯೂ ಆಕೆ 'ಜಾನಪದ ಕಲಾವಿದೆ'. ಕವಿ ಅಲ್ಲ.

ಕುಮಾರರಾಮನ ಕಥೆಯನ್ನೇ ತಗೊಳ್ಳಿ. ನಂಜುಂಡ 16ನೇ ಶತಮಾನದಲ್ಲಿ ಇದೇ ಕಥೆಯನ್ನು ಸಾಂಗತ್ಯದಲ್ಲಿ ಬರೆದ. ಸಾಹಿತ್ಯ ಚರಿತ್ರೆಯಲ್ಲಿ ಆತ ನಂಜುಂಡ ಕವಿ. ಈರಮ್ಮ ಇದೇ ಕಥೆಯನ್ನು ಹಾಡಿದರು. ಆಕೆ 'ವಕ್ತೃ', 'ಮಾಹಿತಿದಾರರು'. ಒಬ್ಬನ ಕೈಯಲ್ಲಿ ತಾಳೆಗರಿ ಇತ್ತು, ಒಬ್ಬಾಕೆಯ ಕೈಯಲ್ಲಿ ಇರಲಿಲ್ಲ ಅನ್ನುವುದರ ಹೊರತು ಬೇರೆ ಕಾರಣ ಇದ್ದರೆ ಪಂಡಿತರು ಹೇಳಲಿ. ಜನಪದ ಕಾವ್ಯದ ಪುಸ್ತಕಗಳನ್ನು ಲೈಬ್ರರಿಯಲ್ಲಿ ಸಂಪಾದಕರ ಹೆಸರಿನಲ್ಲಿ ಹುಡುಕಬೇಕು. ಹೊಲ ಉತ್ತವರೊಬ್ಬರು, ಪಹಣಿ ಇನ್ನೊಬ್ಬರದು.

ಪಂಡಿತರನ್ನು ಬೈದು ನಾವು ಜಾರಿಕೊಳ್ಳುವಂತಿಲ್ಲ. ತಮಟೆಯನ್ನು ವೇದಿಕೆಗೆ ತಂದ ನಾವೂ ಈರಮ್ಮನನ್ನು 'ರಾಜರ ಕಥೆ ಹೇಳೋ ಮುದುಕಿ' ಅಂತ ಬಿಟ್ಟೆವು. ಗಾರ್ಕಿಯ ತಾಯಿಯನ್ನು ಓದಿ ಕಣ್ಣೀರು ಹಾಕಿದೆವು. ಪಕ್ಕದ ಸೀಮೆಯ ತಾಯಿಗೆ ಕಿವಿ ಕೊಡಲಿಲ್ಲ.

ಕವಿ ಎಂದು ಒಪ್ಪಿದರೆ ಸುಮ್ಮನೆ ಶಾಲು ಹೊದಿಸಿ ಬರಲು ಆಗುವುದಿಲ್ಲ, ಜಗಳವನ್ನೂ ಆಡಬೇಕಾಗುತ್ತದೆ. ಕುಮಾರರಾಮ ಪರನಾರಿ ಸೋದರ, ನಮ್ಮ ಬೇಡರ ಕೇರಿಯ ದೇವರು. ಆದರೆ ಆತನ ಕೊನೆಯ ಕಾಳಗ ಮಾತಂಗಿ ಎಂಬ ಹೆಂಗಸಿನ ದಂಡಿನ ಎದುರು. ಡಿಲ್ಲಿಯ ಸುಲ್ತಾನ ಕಳಿಸಿದಾಕೆ ಅನ್ನುತ್ತದೆ ಕಥೆ. ಮಾತಂಗಿ ನಮ್ಮ ಕೇರಿಯ ಅವ್ವನ ಹೆಸರು! ಕಥೆ ಕೇಳುತ್ತ ಕುಂತ ಮಾದಿಗರ ಹುಡುಗಿ ಯಾರು ಗೆಲ್ಲಲಿ ಅಂತ ಬಯಸಬೇಕು? ನಾಯಕನ ಸಾವಿಗೆ ನಮ್ಮ ಅವ್ವನೇ ಯಾಕೆ ಬೇಕಾದಳು? ಸನ್ಮಾನದ ಭಾಷಣದಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಯಾಕಂದರೆ ಉಗ್ರಾಣವನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ನಂಜುಂಡನ ಮಾತಂಗಿಯನ್ನೂ ಈರಮ್ಮನ ಮಾತಂಗಿಯನ್ನೂ ಪಕ್ಕಪಕ್ಕ ನಿಲ್ಲಿಸಿ ಓದುವ ಕೆಲಸ ಇದೆ. ಡಿಗ್ರಿ ಮುಗಿಸಿದ ನಮ್ಮ ಹುಡುಗ ಹುಡುಗಿಯರೇ ಅದನ್ನು ಮಾಡಬೇಕು. ಹಂಪಿಯಲ್ಲಿ ಪುಸ್ತಕಗಳಿವೆ, ಬಸ್ಸೂ ಇದೆ.