ಹರಳಿನ ಬಣ್ಣ: ಪಾಠ ಬಿಟ್ಟುಬಿಟ್ಟ ಅರ್ಧ

‘ಹರಳಿಗೆ ಬಣ್ಣ ಬರುವುದು ಅದರಲ್ಲಿರುವ ಬೆರಕೆಯಿಂದ.’ ಈ ಒಂದು ವಾಕ್ಯದಲ್ಲಿ ನಮ್ಮ ಬಹುಪಾಲು ಪಾಠಗಳು ವಿಷಯವನ್ನು ಮುಗಿಸಿಬಿಡುತ್ತವೆ. ಮಾಣಿಕ್ಯದ ಕೆಂಪಿಗೆ ಕ್ರೋಮಿಯಂ ಕಾರಣ ಎಂಬ ಉದಾಹರಣೆಯೂ ಜೊತೆಗಿರುತ್ತದೆ. ಹೇಳಿಕೆ ಸುಳ್ಳಲ್ಲ, ಆದರೆ ಅರ್ಧಸತ್ಯ. ವಿಕಿರಣ ಮತ್ತು ಶಾಖದ ಪಾತ್ರವನ್ನು ಅದು ಪೂರ್ತಿ ಮರೆಮಾಡುತ್ತದೆ.

ಈ ಹೇಳಿಕೆಯನ್ನು ನೀವೇ ಪರೀಕ್ಷಿಸಿ ನೋಡಿ. ಅಡುಗೆ ಉಪ್ಪಿನ ಶುದ್ಧ ಸ್ಫಟಿಕಕ್ಕೆ ಬಣ್ಣವಿಲ್ಲ. ಎಕ್ಸ್-ಕಿರಣ ಹಾಯಿಸಿದರೆ ಅದು ಹಳದಿಯಾಗುತ್ತದೆ; ಕಾಯಿಸಿದರೆ ಬಣ್ಣ ಮಾಯವಾಗುತ್ತದೆ. ಬೆರಕೆಯೇ ಕಾರಣವಾಗಿದ್ದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ನಿಜವಾಗಿ ನಡೆಯುವುದು ಇಷ್ಟು: ಕ್ಲೋರೈಡ್ ಅಯಾನು ಇಲ್ಲದ ಖಾಲಿ ಜಾಗದಲ್ಲಿ ಒಂದು ಎಲೆಕ್ಟ್ರಾನ್ ಸಿಕ್ಕಿಬೀಳುತ್ತದೆ. ಇದೇ ಬಣ್ಣಕೇಂದ್ರ. ಜರ್ಮನಿಯ ಗಾಟಿಂಗೆನ್‌ನಲ್ಲಿ ಪೋಲ್ ಮತ್ತು ಸಂಗಡಿಗರು 1920–30ರ ದಶಕಗಳಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿದರು. ಸೋಡಿಯಂ ಕ್ಲೋರೈಡಿನ ಬಣ್ಣಕೇಂದ್ರ ಸುಮಾರು 460 ನ್ಯಾನೊಮೀಟರಿನ ನೀಲಿ ಬೆಳಕನ್ನು ಹೀರುತ್ತದೆ. ಆದ್ದರಿಂದ ಹರಳು ಹಳದಿ. ಪೊಟ್ಯಾಸಿಯಂ ಕ್ಲೋರೈಡಿನದು ಸುಮಾರು 560 ನ್ಯಾನೊಮೀಟರಿನ ಹಸಿರನ್ನು ಹೀರುತ್ತದೆ. ಆದ್ದರಿಂದ ಹರಳು ನೇರಳೆ.

ಬೆರಕೆ ಇರುವ ಕಡೆಯೂ ಅದೊಂದೇ ಸಾಲದು. ಕ್ವಾರ್ಟ್ಸ್‌ನಲ್ಲಿ ಕೆಲವು ಸಿಲಿಕಾನ್ ಪರಮಾಣುಗಳ ಜಾಗದಲ್ಲಿ ಅಲ್ಯೂಮಿನಿಯಂ ಇದ್ದರೂ ಹರಳು ತಿಳಿಯಾಗಿಯೇ ಇರುತ್ತದೆ. ವಿಕಿರಣವು ಪಕ್ಕದ ಆಕ್ಸಿಜನ್ನಿನಿಂದ ಎಲೆಕ್ಟ್ರಾನನ್ನು ಕಿತ್ತಾಗಲೇ ಅದು ಹೊಗೆಬಣ್ಣ ತಾಳುತ್ತದೆ. ನೇರಳೆ ಅಮೆಥಿಸ್ಟ್‌ಗೆ ಕಬ್ಬಿಣ ಮತ್ತು ವಿಕಿರಣ ಎರಡೂ ಬೇಕು. ಅದನ್ನು 400–500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸಾಮಾನ್ಯವಾಗಿ ಹಳದಿಗೆ ತಿರುಗುತ್ತದೆ. ಸಿಟ್ರಿನ್ ಹೆಸರಿನಲ್ಲಿ ಮಾರಾಟವಾಗುವ ಬಹಳಷ್ಟು ಹರಳುಗಳು ಹೀಗೆ ಕಾಯಿಸಿದ ಅಮೆಥಿಸ್ಟ್‌ಗಳೇ. ಕಬ್ಬಿಣದ ಪ್ರಮಾಣ ಬದಲಾಗಲಿಲ್ಲ. ಬದಲಾದದ್ದು ಅದರ ಸ್ಥಿತಿ.

ಅರೆಪಾಠದ ಜೊತೆಗೆ ಒಂದು ತಪ್ಪು ಭಯವೂ ಬೆಳೆದಿದೆ: ವಿಕಿರಣಕ್ಕೆ ಒಡ್ಡಿದ ವಸ್ತುವೆಲ್ಲ ವಿಕಿರಣಶೀಲವಾಗುತ್ತದೆ ಎಂಬುದು. ಕೋಬಾಲ್ಟ್-60ರ ಗ್ಯಾಮಾ ಕಿರಣಗಳು ಎಲೆಕ್ಟ್ರಾನುಗಳನ್ನು ಕದಲಿಸುತ್ತವೆ. ಹರಳನ್ನು ವಿಕಿರಣಶೀಲವಾಗಿಸುವಷ್ಟು ಶಕ್ತಿ ಅವಕ್ಕಿಲ್ಲ. ನ್ಯೂಟ್ರಾನಿನ ವಿಷಯ ಬೇರೆ. ರಿಯಾಕ್ಟರಿನಲ್ಲಿ ಬಣ್ಣ ಪಡೆದ ನೀಲಿ ಟೋಪಾಜ್ ಅನ್ನು ವಿಕಿರಣಶೀಲತೆ ತಗ್ಗುವವರೆಗೆ ಕಾದಿರಿಸಲೇಬೇಕು. ಈ ವ್ಯತ್ಯಾಸ ತಿಳಿಯದ ವಿದ್ಯಾರ್ಥಿ ಹೆದರಬೇಕಾದಲ್ಲಿ ಹೆದರುವುದಿಲ್ಲ, ಹೆದರಬೇಕಿಲ್ಲದಲ್ಲಿ ಹೆದರುತ್ತಾನೆ.

ಇದು ಕೇವಲ ಆಭರಣದ ಮಾತಲ್ಲ. ನಮ್ಮ ದೇಶದಲ್ಲಿ ವಿಕಿರಣದ ನಡುವೆ ದುಡಿಯುವವರು ಎದೆಯ ಮೇಲೆ ಧರಿಸುವ ಬ್ಯಾಡ್ಜಿನಲ್ಲಿ ಡಿಸ್‌ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ಇರುತ್ತದೆ. ವಿಕಿರಣ ತಗುಲಿದಾಗ ಎಲೆಕ್ಟ್ರಾನುಗಳು ಅದರಲ್ಲಿ ಸೆರೆಯಾಗುತ್ತವೆ. ಕಾಯಿಸಿದಾಗ ಬಿಡುಗಡೆಗೊಂಡು ಬೆಳಕು ಹೊಮ್ಮಿಸುತ್ತವೆ. ಆ ಬೆಳಕಿನ ಪ್ರಮಾಣದಿಂದ ಅವರಿಗೆ ತಗುಲಿದ ವಿಕಿರಣವನ್ನು ಲೆಕ್ಕಹಾಕುತ್ತಾರೆ. ಒಬ್ಬ ಎಕ್ಸ್-ರೇ ತಂತ್ರಜ್ಞರ ಸುರಕ್ಷತೆ ನಿಂತಿರುವುದು ಪಾಠ ಬಿಟ್ಟುಬಿಟ್ಟ ಈ ಅರ್ಧದ ಮೇಲೆ.

ಪಠ್ಯದಲ್ಲಿ ಸ್ಥಳ ಕಡಿಮೆ ಎಂಬ ಸಮಾಧಾನವನ್ನು ಒಪ್ಪುವುದು ಕಷ್ಟ. ‘ಪೆಟ್ಟಿಗೆಯೊಳಗಿನ ಕಣ’ದ ಲೆಕ್ಕವನ್ನು ಬಿ.ಎಸ್ಸಿ. ತರಗತಿಗಳಲ್ಲಿ ಮಾಡಿಸುತ್ತೇವೆ, ಆ ಪೆಟ್ಟಿಗೆ ಉಪ್ಪಿನ ಹರಳಿನಲ್ಲೇ ಇದೆ ಎನ್ನುವುದಿಲ್ಲ. ಅಧ್ಯಾಪಕರೇ, ಮುಂದಿನ ಬಾರಿ ಈ ಲೆಕ್ಕ ಕೊಡಿ: ಸೋಡಿಯಂ ಕ್ಲೋರೈಡಿನ ಜಾಲಕ ಅಂತರ 0.564 ನ್ಯಾನೊಮೀಟರ್, ಪೊಟ್ಯಾಸಿಯಂ ಕ್ಲೋರೈಡಿನದು 0.629. ಇವುಗಳ ವರ್ಗಗಳ ಅನುಪಾತವೆಷ್ಟು? ಮೇಲೆ ಹೇಳಿದ ಎರಡು ಅಲೆಯುದ್ದಗಳ ಅನುಪಾತವೆಷ್ಟು? ಎರಡೂ ಎಷ್ಟು ಹತ್ತಿರ ಬರುತ್ತವೆ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ.